ಲ್ಯಾಸಿಕ್: ನಿಮ್ಮ ಕಾರ್ನಿಯಾ ಎಷ್ಟು ದಪ್ಪ?

[ದೃಶ್ಯ: ಮೇಜಿನ ಮೇಲೆ ದಪ್ಪ ಗಾಜಿನ ಹಳೇ ಕನ್ನಡಕ]

ನಮಸ್ಕಾರ. ಈ ಕನ್ನಡಕ ನನ್ನದೇ. ಎರಡೂ ಕಣ್ಣಿಗೆ ಮೈನಸ್ 6. ಮಳೆಯಲ್ಲಿ ಬೈಕ್ ಓಡಿಸುತ್ತಾ ಗಾಜು ಒರೆಸಿ ಒರೆಸಿ ಸಾಕಾಗಿತ್ತು. ಕಾಫಿ ಲೋಟ ಬಾಯಿಗಿಟ್ಟರೆ ಮಂಜು. ಬೆಳಗ್ಗೆ ಎದ್ದರೆ ಕನ್ನಡಕ ಹುಡುಕುವುದಕ್ಕೂ ಕನ್ನಡಕ ಬೇಕು! ಕೊನೆಗೆ ಲ್ಯಾಸಿಕ್ ಮಾಡಿಸಿದೆ, ಅಂದರೆ ಲೇಸರ್‌ನಿಂದ ಕಣ್ಣಿನ ಪವರ್ ಸರಿಮಾಡುವ ಆಪರೇಷನ್.

ಆಮೇಲೆ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ನೋವಾಯ್ತಾ? ಎಷ್ಟು ಖರ್ಚಾಯ್ತು? ನಿನ್ನ ಕಾರ್ನಿಯಾ ಎಷ್ಟು ದಪ್ಪ ಇತ್ತು ಅಂತ ಒಬ್ಬರೂ ಕೇಳಲಿಲ್ಲ. ನಿಜಕ್ಕೂ ಮೊದಲು ಕೇಳಬೇಕಾದದ್ದು ಅದು.

[ಚಿತ್ರ: ಕಣ್ಣಿನ ಅಡ್ಡನೋಟ]

ಕಣ್ಣುಗುಡ್ಡೆಯ ಮುಂದೆ, ವಾಚಿನ ಗಾಜಿನ ಹಾಗೆ ಉಬ್ಬಿರುವ ತೆಳು ಪದರವೇ ಕಾರ್ನಿಯಾ. ದಪ್ಪ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್. ಡಾಕ್ಟರ್ ಲೆಕ್ಕದಲ್ಲಿ ಸುಮಾರು 540 ಮೈಕ್ರಾನ್. ಮೈನಸ್ ಪವರ್ ಇದ್ದವರಿಗೆ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ ತಲುಪುವ ಮೊದಲೇ ಮೂಡುತ್ತದೆ. ಅದಕ್ಕೇ ಮಸುಕು. ಲೇಸರ್ ಈ ಉಬ್ಬನ್ನು ಸ್ವಲ್ಪ ಕೆರೆದು ಚಪ್ಪಟೆ ಮಾಡುತ್ತದೆ. ಬಿಂಬ ಹಿಂದೆ ಸರಿದು ರೆಟಿನಾ ಮೇಲೆ ಕೂರುತ್ತದೆ.

ಈ ಲೇಸರ್ ಹಿಂದೆ ಒಂದು ಮಜವಾದ ಕಥೆ ಇದೆ. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಿನಲ್ಲಿ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಕೆಲಸ ಮಾಡುತ್ತಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿ ತುಂಡನ್ನು ಲ್ಯಾಬಿಗೆ ತಂದು ಎಕ್ಸೈಮರ್ ಎಂಬ ಲೇಸರ್ ಬಿಟ್ಟು ನೋಡಿದರು. ಸುತ್ತ ಒಂಚೂರೂ ಸುಡದೆ ನೀಟಾಗಿ ಕೊರೆದಿತ್ತು. ಅಲ್ಲಿಂದ ಅದು ಕಣ್ಣಿನ ಡಾಕ್ಟರ್‌ಗಳ ಕೈಗೆ ಬಂತು.

ಸರಿ, ಈಗ ನನ್ನ ಕಣ್ಣಿನ ಲೆಕ್ಕ. ಕಾರ್ನಿಯಾ 540. ದಯವಿಟ್ಟು ಇದನ್ನು ಸ್ಕಿಪ್ ಮಾಡಬೇಡಿ.

[ತೆರೆಯ ಮೇಲೆ: 540 − 110 − 90 = 340]

ಲ್ಯಾಸಿಕ್‌ನಲ್ಲಿ ಮೊದಲು ಕಾರ್ನಿಯಾ ಮೇಲೆ ತೆಳುವಾದ ಒಂದು ಮುಚ್ಚಳ ಎತ್ತುತ್ತಾರೆ. ಅದನ್ನು ಫ್ಲಾಪ್ ಅಂತಾರೆ. ಅದಕ್ಕೆ ಸುಮಾರು 110 ಮೈಕ್ರಾನ್. ಆಮೇಲೆ ಒಂದೊಂದು ಪವರ್‌ಗೆ ಹೆಚ್ಚುಕಮ್ಮಿ 15 ಮೈಕ್ರಾನ್ ಕೆರೆಯಬೇಕು. ನನ್ನದು 6, ಅಂದರೆ 90. ಕೊನೆಗೆ ಕೆಳಗೆ ಉಳಿದದ್ದು 340. ಇದು 250ಕ್ಕಿಂತ ಕಮ್ಮಿ ಆಗಲೇಬಾರದು. ಎಷ್ಟೋ ಡಾಕ್ಟರ್‌ಗಳು 300 ಉಳಿಯಲೇಬೇಕು ಅಂತಾರೆ. ನಾನು ಪಾಸ್.

ಈಗ ನನ್ನ ಚಿಕ್ಕಪ್ಪನ ಮಗಳ ಲೆಕ್ಕ ನೋಡಿ. ಕಾರ್ನಿಯಾ 480, ಪವರ್ ಮೈನಸ್ 8.

[ತೆರೆಯ ಮೇಲೆ: 480 − 110 − 120 = 250]

ಗೆರೆಯ ಮೇಲೇ ನಿಂತಿದ್ದಾಳೆ. ಆದರೂ ಅವಳು ಮೊದಲು ಹೋದ ಆಸ್ಪತ್ರೆಯಲ್ಲಿ "ಈ ವಾರ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಇದೆ ಮೇಡಂ" ಅಂದರು. ಗಂಡಿನ ಕಡೆಯವರು ನೋಡಲು ಬರುವ ಮೊದಲು ಕನ್ನಡಕ ಹೋಗಬೇಕು ಅಂತ ಮನೆಯಲ್ಲಿ ಬೇರೆ ಒತ್ತಡ. ನಾನೇ ಜಗಳ ಆಡಿ ಇನ್ನೊಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಟೊಪೋಗ್ರಫಿ ಮಾಡಿದರು. ಅದು ಕಾರ್ನಿಯಾದ ಬಣ್ಣಬಣ್ಣದ ನಕ್ಷೆ. ಕೆಳಭಾಗದಲ್ಲಿ ಕೆಂಪು ಮಚ್ಚೆಯೊಂದಿತ್ತು. ಡಾಕ್ಟರ್ ಪೆನ್ನಿನಲ್ಲಿ ಅದರ ಸುತ್ತ ಒಂದು ವೃತ್ತ ಎಳೆದು ಕೇಳಿದರು, "ಕಣ್ಣು ತುಂಬಾ ಉಜ್ಜುತ್ತೀಯೇನಮ್ಮ?" ಉಜ್ಜುತ್ತಾಳೆ. ಚಿಕ್ಕಂದಿನಿಂದ ಅಲರ್ಜಿ.

ಅದು ಕೆರಟೋಕೋನಸ್ ಶುರುವಾಗುವ ಲಕ್ಷಣ. ಕಾರ್ನಿಯಾ ಸೊರಗಿ, ಮುಂದಕ್ಕೆ ಮೊನೆಯಾಗುವ ಕಾಯಿಲೆ. ಅಂಥ ಕಣ್ಣನ್ನು ಇನ್ನೂ ಕೆರೆದರೆ ದೃಷ್ಟಿಯೇ ಕೆಡುತ್ತದೆ. "ಬೇಡ" ಅಂದರು. ಅವಳು ಆಟೋದಲ್ಲಿ ಅತ್ತಳು. ಆ ಡಾಕ್ಟರ್‌ಗೆ ನಾನು ಮಾತ್ರ ಇವತ್ತಿಗೂ ಕೈ ಮುಗಿಯುತ್ತೇನೆ.

ಒಂದು ಮಾತು. ಟೆಸ್ಟ್‌ಗೆ ಹೋಗುವ ಮೊದಲು ಕಾಂಟ್ಯಾಕ್ಟ್ ಲೆನ್ಸ್ ನಿಲ್ಲಿಸಬೇಕು. ಸಾಫ್ಟ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಲೆನ್ಸ್ ಕಾರ್ನಿಯಾದ ಆಕಾರ ಬದಲಿಸಿರುತ್ತದೆ. ಅಳತೆಯೇ ತಪ್ಪಿದರೆ ಲೇಸರ್ ಏನು ಮಾಡೀತು?

ಇನ್ನು 18 ತುಂಬದವರು, ಕಳೆದ ಒಂದು ವರ್ಷದಲ್ಲಿ ಪವರ್ ಬದಲಾದವರು, ಬಸುರಿ, ಬಾಣಂತಿಯರು, ಕಣ್ಣು ಆಗಲೇ ಒಣಗಿರುವವರು, ಸ್ವಲ್ಪ ತಡೆಯಿರಿ. ಪೊಲೀಸ್, ಸೇನೆ ಕೆಲಸಕ್ಕೆ ಅರ್ಜಿ ಹಾಕುವವರು ನೋಟಿಫಿಕೇಶನ್‌ನಲ್ಲಿ ಈ ಆಪರೇಷನ್ ಬಗ್ಗೆ ಏನಿದೆ ಅಂತ ಮೊದಲು ಓದಿ.

ಆಪರೇಷನ್ ಬಗ್ಗೆ ಹೇಳುವುದು ಕಮ್ಮಿ. ಅದೇ ಎಲ್ಲಕ್ಕಿಂತ ಸುಲಭ. ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ಕಣ್ಣನ್ನು ಒತ್ತಿ ಹಿಡಿದಂತಾಗಿ ಒಂದಷ್ಟು ಹೊತ್ತು ಎಲ್ಲ ಕತ್ತಲು. ಆಮೇಲೆ ಒಂದು ಚುಕ್ಕೆ ಬೆಳಕು, ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ಕೆಲವೇ ನಿಮಿಷದಲ್ಲಿ ಎದ್ದು ಕೂತೆ. ಎದುರಿನ ಗೋಡೆ ಗಡಿಯಾರದ ಮುಳ್ಳು ಕಂಡಿತು, ಮಂಜಿನೊಳಗಿಂದ.

ಫ್ಲಾಪ್ ಬೇಡದವರಿಗೆ ಪಿಆರ್‌ಕೆ ಇದೆ. ಕಾರ್ನಿಯಾದ ಮೇಲಿನ ತೆಳು ಪದರ ತೆಗೆದು ನೇರ ಲೇಸರ್. ಮೂರ್ನಾಲ್ಕು ದಿನ ಒಳ್ಳೇ ಉರಿ, ಹಸಿ ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗಿಟ್ಟ ಹಾಗೆ. ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಆದರೆ ಕಬಡ್ಡಿ, ಕುಸ್ತಿ ಅಂತ ಪೆಟ್ಟು ಬೀಳುವ ಆಟದವರಿಗೆ ಅದೇ ವಾಸಿ. ಸ್ಮೈಲ್ ಅಂತ ಇನ್ನೊಂದಿದೆ, ಸಣ್ಣ ಸೀಳಿನಿಂದ ಒಳಗಿನ ಪದರದ ತುಣುಕು ತೆಗೆಯುತ್ತಾರೆ.

ಈಗ ಮನೆಗೆ ಬಂದ ಮೇಲಿನ ಕಥೆ. ಲ್ಯಾಸಿಕ್‌ನಲ್ಲಿ ಹೊಲಿಗೆ ಇಲ್ಲ. ಫ್ಲಾಪ್ ತಾನಾಗಿಯೇ ಅಂಟಿಕೊಳ್ಳಬೇಕು. ನಿದ್ದೆಗಣ್ಣಲ್ಲಿ ಒಮ್ಮೆ ಉಜ್ಜಿದರೂ ಅದು ಸುಕ್ಕಾಗಬಹುದು. ಅದಕ್ಕೇ ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಶೀಲ್ಡ್ ಅಂಟಿಸಿಕೊಂಡು ಮಲಗುತ್ತಿದ್ದೆ. ಮೊದಲ ದಿನ ನಾಲ್ಕೈದು ಗಂಟೆ ಉರಿ, ನೀರು. ಮಲಗಿಬಿಟ್ಟೆ. ಮರುದಿನ ಬೆಳಗ್ಗೆ ಕೈ ತಾನಾಗಿಯೇ ದಿಂಬಿನ ಪಕ್ಕ ಕನ್ನಡಕ ಹುಡುಕಿತು. ಆಮೇಲೆ ಕ್ಯಾಲೆಂಡರ್‌ನ ತಿಥಿ ಕಂಡಿತು, ಹಾಸಿಗೆಯಿಂದಲೇ!

ಆಸ್ಪತ್ರೆಗಿಂತ ಕಷ್ಟ ಆದದ್ದು ಅಮ್ಮನ ಜೊತೆ. "ಎರಡು ತೊಟ್ಟು ಹರಳೆಣ್ಣೆ ಬಿಡ್ತೀನಿ ಕಣೋ, ಕಣ್ಣು ತಂಪಾಗುತ್ತೆ." ಬೇಡಮ್ಮ! ಡಾಕ್ಟರ್ ಬರೆದುಕೊಟ್ಟ ಡ್ರಾಪ್ಸ್ ಬಿಟ್ಟು ಬೇರೇನೂ ಕಣ್ಣಿಗೆ ಬೀಳಬಾರದು. ವಾರ ಪೂರ್ತಿ ತಲೆಸ್ನಾನ ಬಂದ್. ಸೀಗೆಪುಡಿ, ಶಾಂಪೂ, ಕಾಡಿಗೆ ಎಲ್ಲಕ್ಕೂ ರಜೆ. ಒಗ್ಗರಣೆ ಹೊಗೆಯಿಂದ ದೂರ. ಈಜು ಡಾಕ್ಟರ್ ಹೇಳುವ ತನಕ ಬೇಡ. ಹೊರಗೆ ಹೋದರೆ ಧೂಳಿಗೆ ಕೂಲಿಂಗ್ ಗ್ಲಾಸ್.

ಎರಡು ಡ್ರಾಪ್ಸ್ ಇದ್ದರೆ ಮಧ್ಯೆ ಐದು ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಸ್ಟೆರಾಯ್ಡ್ ಡ್ರಾಪ್ಸನ್ನು ಮಾತ್ರ, ಮುಗಿದ ಮೇಲೆ ಮೆಡಿಕಲ್ ಸ್ಟೋರಿನಿಂದ ನೀವೇ ತಂದು ಮುಂದುವರಿಸಬೇಡಿ. ಕಣ್ಣಿನ ಒತ್ತಡ ಏರುತ್ತದೆ, ಗೊತ್ತೂ ಆಗುವುದಿಲ್ಲ. ಜೋರು ನೋವು, ಕೆಂಪು, ದೃಷ್ಟಿ ಇದ್ದಕ್ಕಿದ್ದಂತೆ ಇಳಿದರೆ ರಾತ್ರಿಯೇ ಆದರೂ ಫೋನ್ ಮಾಡಿ.

ಕಣ್ಣು ಒಣಗುವುದು ನನಗೆ ಐದು ತಿಂಗಳಿತ್ತು. ಫ್ಲಾಪ್ ಎತ್ತುವಾಗ ಸಣ್ಣ ನರಗಳು ಕತ್ತರಿಸಿಹೋಗುತ್ತವೆ, ಅವು ಮತ್ತೆ ಬೆಳೆಯಬೇಕು. ಎಸಿ ಆಫೀಸಿನಲ್ಲಿ ಟಿಯರ್ ಡ್ರಾಪ್ಸ್ ಜೇಬಲ್ಲೇ ಇರುತ್ತಿತ್ತು. ರಾತ್ರಿ ಎದುರಿನ ಲಾರಿ ಲೈಟಿನ ಸುತ್ತ ಬಳೆ ಕಾಣುತ್ತಿತ್ತು. ಮೂರು ತಿಂಗಳಿಗೆ ಕಮ್ಮಿಯಾಯ್ತು. ಕೆಲವರಿಗೆ ಇವು ಪೂರ್ತಿ ಹೋಗುವುದಿಲ್ಲ. ಅದನ್ನೂ ಒಪ್ಪಿಕೊಂಡೇ ಸಹಿ ಹಾಕಬೇಕು.

ನಲವತ್ತರ ಹತ್ತಿರ ಇದ್ದೀರಾ? ಓದುವ ಕನ್ನಡಕಕ್ಕೆ ಚಾಳೀಸು ಅಂತ ಸುಮ್ನೆ ಹೆಸರು ಬಂದಿಲ್ಲ, ಚಾಳೀಸ್ ಅಂದರೆ ನಲವತ್ತು. ಲ್ಯಾಸಿಕ್ ಮಾಡಿಸಿದರೂ ಅದು ಬರುತ್ತದೆ.

[ದೃಶ್ಯ: ಬೀರುವಿನಿಂದ ಹಳದಿ ಫೈಲ್ ತೆಗೆಯುವುದು]

ಈ ಫೈಲ್ ನೋಡಿ. ಆಪರೇಷನ್‌ಗೆ ಮುಂಚಿನ ಅಳತೆ, ಟೊಪೋಗ್ರಫಿ, ಕೆರೆದದ್ದು ಎಷ್ಟು, ಎಲ್ಲಾ ಇದರಲ್ಲಿದೆ. ಮುಂದೆ ವಯಸ್ಸಾಗಿ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಆಗಿನ ಡಾಕ್ಟರ್‌ಗೆ ಇದು ಬೇಕು. ಲೇಸರ್ ಮಾಡಿಸಿದ ಕಣ್ಣಿಗೆ ಮಾಮೂಲಿ ಲೆಕ್ಕ ಕೂಡಿಬರುವುದಿಲ್ಲ. ಹೋದ ಸಲ ಅಮ್ಮ ಇದನ್ನು ಹಳೇ ಪೇಪರ್‌ನವನಿಗೆ ಹಾಕಲು ತೆಗೆದಿಟ್ಟಿದ್ದರು. ಈಗ ಮನೆ ಪತ್ರದ ಜೊತೆ ಬೀರುವಿನಲ್ಲಿದೆ.