ಗೋಡೆಗೆ ಗುದ್ದಿದ ಕಾರು

ಕೇಳುಗರೇ, ನಮಸ್ಕಾರ.

ನ್ಯೂಯಾರ್ಕಿನ ಒಂದು ಪಾರ್ಕಿಂಗ್ ಕಟ್ಟಡ. ಎಮಿಲಿ ಎಂಬ ಯುವತಿ ಕಾರು ಹತ್ತುತ್ತಾಳೆ, ಸೀದಾ ಎದುರಿನ ಗೋಡೆಗೆ ನುಗ್ಗಿಸುತ್ತಾಳೆ. ಷೇರು ವ್ಯವಹಾರದ ಅಪರಾಧಕ್ಕೆ ನಾಲ್ಕು ವರ್ಷ ಜೈಲಿನಲ್ಲಿದ್ದ ಗಂಡ ಆಗಷ್ಟೇ ಮನೆಗೆ ಬಂದಿದ್ದಾನೆ. ಸಂತೋಷ ಪಡಬೇಕಾದ ಹೊತ್ತಿನಲ್ಲಿ ಇವಳಿಗೆ ಬದುಕೇ ಬೇಡವಾಗಿದೆ.

2013ರಲ್ಲಿ ಬಂದ 'ಸೈಡ್ ಎಫೆಕ್ಟ್ಸ್' ಸಿನಿಮಾದ ಮೊದಲ ಭಾಗದ ದೃಶ್ಯ ಇದು. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್. ಎಮಿಲಿಯಾಗಿ ರೂನಿ ಮಾರಾ, ಅವಳ ಮನೋವೈದ್ಯ ಬ್ಯಾಂಕ್ಸ್ ಆಗಿ ಜೂಡ್ ಲಾ. ಕ್ಯಾಮೆರಾ ಹಿಂದೆ ಇದ್ದದ್ದೂ ಸೋಡರ್‌ಬರ್ಗ್ ಅವರೇ, ಬೇರೆ ಹೆಸರಿನಲ್ಲಿ. ಅದಕ್ಕೇ ಇರಬೇಕು, ಚಿತ್ರದ ಮಂಕು ಹಳದಿ ಬೆಳಕಿಗೂ ಎಮಿಲಿಯ ಮನಸ್ಸಿಗೂ ಅಷ್ಟು ಹೊಂದಾಣಿಕೆ.

ನನಗೆ ತುಂಬಾ ಇಷ್ಟವಾದದ್ದು ಈ ಮೊದಲರ್ಧ. ಇಲ್ಲಿ ಎಲ್ಲರ ಬಾಯಲ್ಲೂ ಮಾತ್ರೆಯ ಹೆಸರೇ. ಕೆಲಸದ ಸಂದರ್ಶನಕ್ಕೆ ಹೊರಟ ಹೆಂಡತಿಗೆ ಬ್ಯಾಂಕ್ಸ್ ಒಂದು ಮಾತ್ರೆ ಕೊಡುತ್ತಾನೆ, ಎದೆಬಡಿತ ಹದಕ್ಕೆ ಬರಲಿ ಅಂತ. ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಲು ಕಂಪನಿಯಿಂದ ಹಣವನ್ನೂ ಪಡೆಯುತ್ತಾನೆ. ಅವನು ಕೆಟ್ಟವನಲ್ಲ. ಸಂಸಾರವಿದೆ, ಖರ್ಚಿದೆ, ಎಲ್ಲರೂ ಮಾಡುವುದನ್ನೇ ಮಾಡುತ್ತಾನೆ. ವೈದ್ಯರ ಚೀಟಿ ಬೇಕಾದ ಮಾತ್ರೆಗೂ ಅಮೆರಿಕದಲ್ಲಿ ಟಿವಿ ಜಾಹೀರಾತು ಬರುತ್ತದೆ. ಹೆಚ್ಚಿನ ದೇಶಗಳಲ್ಲಿ ಇದಕ್ಕೆ ಅವಕಾಶವೇ ಇಲ್ಲ.

ಎಮಿಲಿಗೆ ಕೊಡುವ ಖಿನ್ನತೆಯ ಮಾತ್ರೆ 'ಅಬ್ಲಿಕ್ಸಾ' ಕಥೆಗಾಗಿ ಹುಟ್ಟಿಸಿದ ಹೆಸರು. ಅದನ್ನು ತೆಗೆದುಕೊಂಡ ಮೇಲೆ ಅವಳು ನಿದ್ದೆಯಲ್ಲೇ ಎದ್ದು ಓಡಾಡುತ್ತಾಳೆ. ಒಂದು ದಿನ ಅದೇ ಸ್ಥಿತಿಯಲ್ಲಿ ಗಂಡನನ್ನು ಇರಿದು ಕೊಲ್ಲುತ್ತಾಳೆ. ನಿದ್ದೆಯಲ್ಲಿ ಓಡಾಡುವುದು ಬರೀ ಕಲ್ಪನೆಯಲ್ಲ. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ತೆಗೆದುಕೊಂಡ ಕೆಲವರು ಎಚ್ಚರವಿಲ್ಲದೆ ನಡೆದಾಡಿದ್ದು, ಕಾರು ಓಡಿಸಿದ್ದೂ ಉಂಟು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಥ ಮಾತ್ರೆಗಳ ಮೇಲೆ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿತು. ಖಿನ್ನತೆಯ ಮಾತ್ರೆಗಳಿಗೆ 2004ರಲ್ಲೇ ಬೇರೊಂದು ಎಚ್ಚರಿಕೆ ಬಂದಿತ್ತು, ಮಕ್ಕಳು ಮತ್ತು ಹದಿಹರೆಯದವರಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು ಅಂತ.

ಹಾಗಂತ ಇದನ್ನು ಕೇಳಿ ಯಾರೂ ನಡೆಯುತ್ತಿರುವ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರಗಳೇ ಬೇಕು. ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಿರಿಕಿರಿ ಶುರುವಾಗಬಹುದು. ಬಿಡುವುದಿದ್ದರೂ ವೈದ್ಯರ ಜೊತೆ ಮಾತಾಡಿ, ನಿಧಾನವಾಗಿ ಬಿಡಬೇಕು.

ಇನ್ನು ಕಥೆಯ ಗುಟ್ಟು. ಸಿನಿಮಾ ನೋಡದವರು ಕ್ಷಮಿಸಿ, ನನ್ನ ಮಾತಿಗೆ ಅದು ಬೇಕೇ ಬೇಕು. ಎಮಿಲಿಗೆ ಖಿನ್ನತೆಯೇ ಇರಲಿಲ್ಲ. ಅವಳು ಮತ್ತು ಅವಳ ಹಿಂದಿನ ವೈದ್ಯೆ ಸೇರಿ ಹೂಡಿದ ಆಟ ಅದು. ಕೊಲೆಯ ತಪ್ಪು ಮಾತ್ರೆಯ ಮೇಲೆ ಬಂದು ಔಷಧ ಕಂಪನಿಯ ಷೇರು ಬಿದ್ದಾಗ, ಅದು ಬೀಳುತ್ತದೆಂದು ಮೊದಲೇ ಬಾಜಿ ಕಟ್ಟಿದ್ದ ಇಬ್ಬರಿಗೂ ದುಡ್ಡು.

ಥ್ರಿಲ್ಲರ್ ಆಗಿ ಈ ತಿರುವು ಬಹಳ ಚೆನ್ನಾಗಿದೆ. ನಾನೂ ಉಸಿರು ಬಿಗಿಹಿಡಿದೇ ನೋಡಿದೆ. ಆದರೆ ಆಮೇಲೆ ಮನಸ್ಸಿಗೆ ನೋವಾಯಿತು. ಖಿನ್ನತೆಯಲ್ಲಿ ಒದ್ದಾಡುವವರು ದಿನವೂ ಕೇಳುವ ಮಾತು ಯಾವುದು ಹೇಳಿ? 'ನಾಟಕ ಮಾಡಬೇಡ' ಅಂತಲೇ ಅಲ್ವಾ? ಮುಖ ನೋಡಿದರೆ ಕಾಯಿಲೆ ಕಾಣುವುದಿಲ್ಲ. ರಕ್ತ ಪರೀಕ್ಷೆಯಲ್ಲೂ ಸಿಗುವುದಿಲ್ಲ. ರೋಗಿ ಹೇಳುವ ಮಾತು ಬಿಟ್ಟರೆ ವೈದ್ಯರಿಗೆ ಹಿಡಿದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಚಿತ್ರದ ದ್ವಿತೀಯಾರ್ಧ ಕೈಬಿಡುವುದು ಆ ಮಾತನ್ನೇ. ಬ್ಯಾಂಕ್ಸ್ ವೈದ್ಯನಾಗಿ ಉಳಿಯುವುದಿಲ್ಲ, ಸೇಡಿಗೆ ಇಳಿದ ಪತ್ತೇದಾರನಾಗುತ್ತಾನೆ.

ಅಪಘಾತದ ದಿನ ಅವನು ಎಮಿಲಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಲು ನೋಡುತ್ತಾನೆ. ಮನೆಗೆ ಹೋಗುತ್ತೇನೆ, ತಪ್ಪದೆ ಬಂದು ಕಾಣುತ್ತೇನೆ ಎಂದು ಅವಳು ಬೇಡುತ್ತಾಳೆ. ಅವನು ಒಪ್ಪುತ್ತಾನೆ. ಇಡೀ ಕಥೆ ಗೊತ್ತಾದ ಮೇಲೂ, ಅವನು ಅವತ್ತು ಅವಳ ನೋವನ್ನು ನಂಬಿದ್ದು ತಪ್ಪು ಅಂತ ನನಗೆ ಅನ್ನಿಸಿಲ್ಲ.

ನಮಸ್ಕಾರ.