ಮುಂದೆ ಏನಾಗಬೇಕು ಅಂತ ಹುಡುಕಿದ ಒಂದು ವಾರ

ನಮಸ್ಕಾರ ಎಲ್ಲರಿಗೂ. ಶುರುವಿನ ಈ ಶಾಟ್ ಸ್ವಲ್ಪ ಮಸುಕಾಗಿದೆ, ಲೆನ್ಸ್ ಮೇಲೆ ಬೆರಳ ಗುರುತಿತ್ತು. ಒರೆಸಿದ ಮೇಲೆ ಸರಿಯಾಗುತ್ತದೆ, ನೋಡುತ್ತಾ ಇರಿ.

ನನ್ನ ಓದು ಮುಗಿಯಲು ಇನ್ನೊಂದು ವರ್ಷ ಇದೆ. ಸಿಕ್ಕಿದವರೆಲ್ಲ ಕೇಳುವುದು ಒಂದೇ, "ಮುಂದೆ ಏನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಈ ರಜೆಯಲ್ಲಿ ಒಂದು ವಾರ ಎತ್ತಿಟ್ಟೆ. ಕೆಲಸ ಮಾಡುವವರ ಬೆನ್ನು ಹತ್ತಿ ಹೋಗುವುದು, ಅವರು ಬೆಳಗಿನಿಂದ ಸಂಜೆವರೆಗೆ ನಿಜವಾಗಿ ಏನು ಮಾಡುತ್ತಾರೆ ಅಂತ ನೋಡುವುದು. ಕ್ಯಾಮೆರಾ ಹಿಡಿದಿರುವುದು ನನ್ನ ತಮ್ಮ. ಅವನ ವಿಷಯವೂ ಬರುತ್ತದೆ, ಸ್ವಲ್ಪ ತಾಳಿ.

ಮೊದಲನೇ ದಿನ ಮನೆಯಲ್ಲೇ ಕೂತು ಆಸಕ್ತಿ ಪರೀಕ್ಷೆ ಮಾಡಿದೆ. ಪರದೆ ಕಾಣುತ್ತಿದೆ ಅಲ್ವಾ? 60 ಪ್ರಶ್ನೆ. ಪ್ರತಿಯೊಂದಕ್ಕೂ ಇಷ್ಟ, ಇಷ್ಟವಿಲ್ಲ, ಗೊತ್ತಿಲ್ಲ ಅಂತ ಒತ್ತಬೇಕು. ಇದರ ಹಿಂದಿನ ಯೋಚನೆ ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರದು. 1959ರಲ್ಲಿ ಅವರು ಕೆಲಸಗಳನ್ನೂ ಜನರನ್ನೂ ಆರು ಬಗೆಯಾಗಿ ವಿಂಗಡಿಸಬಹುದು ಎಂದರು. ಕೈಯಿಂದ ಮಾಡುವವರು, ಹುಡುಕಿ ತಿಳಿಯುವವರು, ಕಲೆಯವರು, ಜನರಿಗೆ ನೆರವಾಗುವವರು, ಮುಂದೆ ನಿಂತು ನಡೆಸುವವರು, ಲೆಕ್ಕ-ಕಡತ ಅಚ್ಚುಕಟ್ಟಾಗಿ ಇಡುವವರು. ನನಗೆ ಜನರಿಗೆ ನೆರವಾಗುವುದು ಎಲ್ಲಕ್ಕಿಂತ ಮೇಲೆ ಬಂತು. ಕೈಕೆಲಸ ಕಟ್ಟಕಡೆಗೆ. ನನಗೆ ಸಿಟ್ಟೇ ಬಂತು. ಇಷ್ಟು ಹೇಳಲು 60 ಪ್ರಶ್ನೆ ಬೇಕಿತ್ತಾ? ಇದು ಉಪಯೋಗಕ್ಕೆ ಬಾರದ್ದು ಅಂತ ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅದು ನೆನಪಿರಲಿ.

ಸರಿ, ಎರಡನೇ ದಿನ. ವೇದಿಕೆ ಪಕ್ಕದಲ್ಲಿ ನಿಂತಿರುವ ಇಬ್ಬರನ್ನು ನೋಡಿ. ಅವರು ಸನ್ನೆ ಭಾಷೆಯ ಅನುವಾದಕರು. ಎಡಗಡೆಯವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಬರೂ ಜಾಗ ಬದಲಾಯಿಸುತ್ತಾರೆ. ಕೈ ನೋಯುತ್ತದೆ ಅಂತ ನಾನು ಅಂದುಕೊಂಡೆ. ದಣಿಯುವುದು ತಲೆಯಂತೆ. ಒಂದು ಮಾತು ಕೇಳಿಸಿಕೊಳ್ಳುತ್ತಾ, ಹಿಂದಿನ ಮಾತನ್ನು ಕೈಯಲ್ಲಿ ಹೇಳುತ್ತಾ ಇದ್ದರೆ ಹೊತ್ತು ಹೋದಂತೆ ತಪ್ಪು ಜಾಸ್ತಿಯಾಗುತ್ತದೆ. ಬಿಡುವಿನಲ್ಲಿರುವವರೂ ಸುಮ್ನೆ ಇರುವುದಿಲ್ಲ. ಹೆಸರು, ಅಂಕಿ ತಪ್ಪಿಹೋದರೆ ಅಲ್ಲಿಂದಲೇ ಎತ್ತಿಕೊಡುತ್ತಾರೆ.

ಸನ್ನೆ ಭಾಷೆ ಪ್ರಪಂಚಕ್ಕೆಲ್ಲ ಒಂದೇ ಎಂದು ನಂಬಿದ್ದೆ. ಹಾಗೇನಿಲ್ಲ. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮಾತಾಡುವುದು ಇಂಗ್ಲಿಷ್, ಆದರೆ ಅಲ್ಲಿನ ಕಿವುಡರ ಸನ್ನೆ ಭಾಷೆಗಳು ಬೇರೆ ಬೇರೆ. ಅಮೆರಿಕದ್ದು ಫ್ರಾನ್ಸಿನದಕ್ಕೆ ಹತ್ತಿರ. 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಕಿವುಡರ ಶಾಲೆ ಶುರುವಾದಾಗ ಕಲಿಸಲು ಬಂದವರು ಲೋರಾನ್ ಕ್ಲೇರ್ ಎಂಬ ಫ್ರಾನ್ಸಿನ ಕಿವುಡ ಮೇಷ್ಟ್ರು. ಅಕ್ಕ ನನಗೆ ಮೊದಲು ಹೇಳಿಕೊಟ್ಟದ್ದು ಕೈಯಲ್ಲ, ಹುಬ್ಬು. ಹೌದಾ-ಅಲ್ಲವಾ ಎಂಬ ಪ್ರಶ್ನೆಗೆ ಹುಬ್ಬು ಮೇಲೆ ಹೋಗಬೇಕು. ಹುಬ್ಬು ಏಳದಿದ್ದರೆ ಅದು ಪ್ರಶ್ನೆಯೇ ಅಲ್ಲ. ನಾನು ಕನ್ನಡಿ ಮುಂದೆ ಮಾಡುತ್ತಿರುವುದು ಅದೇ.

ಅವತ್ತು ಸಂಜೆ ಇದೇ ನನ್ನ ಕೆಲಸ ಎಂದು ತೀರ್ಮಾನಿಸಿದ್ದೆ. ಹೊರಡುವಾಗ ಅಕ್ಕ ಒಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೆಟ್ಟ ಸುದ್ದಿ ಹೇಳುವಾಗ ಅದನ್ನು ರೋಗಿಗೆ ಮುಟ್ಟಿಸುವ ಕೈ ತಮ್ಮದೇ ಆಗಿರುತ್ತದೆ. ಮನೆಗೆ ಬಂದು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಕೇಳಿಸಿಕೊಂಡದ್ದು ಗುಟ್ಟಾಗಿಯೇ ಉಳಿಯಬೇಕು, ಅದು ಆ ಕೆಲಸದ ಮೊದಲ ನಿಯಮ. ನನಗೆ ಅಷ್ಟು ಗಟ್ಟಿತನ ಇದೆಯಾ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಅಯ್ಯೋ, ಶಾಟ್ ಮುಗಿದೇ ಹೋಯಿತು. ಮುಂದಿನದಕ್ಕೆ ಹೋಗೋಣ.

ಇದು ಬಯಲು. ಬೆಳಗ್ಗೆ ಏಳು ಗಂಟೆ. ಮೂರು ಕಾಲಿನ ಮೇಲೆ ಕೂತಿರುವ ಆ ಸಣ್ಣ ಉಪಕರಣ ಆಟೋ ಲೆವೆಲ್, ನೆಲದ ಏರಿಳಿತ ಅಳೆಯಲು. ಭೂಮಾಪನ ಮಾಡುವ ಸರ್ ಒಬ್ಬರು ನನ್ನನ್ನು ಜೊತೆಗೆ ಬಿಟ್ಟುಕೊಂಡರು. ಕೆಲಸ ಇಷ್ಟೇ. ಎತ್ತರ ಗೊತ್ತಿರುವ ಒಂದು ಗುರುತಿನಿಂದ ಹೊರಡಬೇಕು, ಅದಕ್ಕೆ ಬೆಂಚ್‌ಮಾರ್ಕ್ ಅನ್ನುತ್ತಾರೆ. ಸ್ಟಾಫ್ ಅಂದರೆ ಅಂಕಿ ಬರೆದ ಉದ್ದದ ಅಳತೆ ಕೋಲು. ಹಿಂದಿರುವ ಸ್ಟಾಫ್ ನೋಡಿ ಒಂದು ಅಂಕಿ, ಅದು ಬ್ಯಾಕ್‌ಸೈಟ್. ಮುಂದಿರುವ ಸ್ಟಾಫ್ ನೋಡಿ ಇನ್ನೊಂದು, ಅದು ಫೋರ್‌ಸೈಟ್. ಕಳೆದರೆ ಎರಡು ಜಾಗಗಳ ಎತ್ತರದ ವ್ಯತ್ಯಾಸ. ಲೆವೆಲ್ ಎತ್ತಿ ಮುಂದೆ ಹೋಗಿ ಮತ್ತೆ ಅದೇ. ಹೀಗೆ ಸುತ್ತು ಹಾಕಿ ಹೊರಟ ಗುರುತಿಗೇ ವಾಪಸ್ ಬರಬೇಕು. ಹೊರಟ ಎತ್ತರ, ಬಂದ ಎತ್ತರ ಒಂದೇ ಆಗಿರಬೇಕು. ಒಂದು ಗಂಟೆ ಹೊತ್ತು ನೋಡಿದೆ. ಬೇಸರದ ಕೆಲಸ ಅನ್ನಿಸಿತು. ಅದನ್ನು ಕ್ಯಾಮೆರಾ ಮುಂದೆ ಹೇಳಿಯೂ ಬಿಟ್ಟೆ, ಅದನ್ನು ಕತ್ತರಿಸಿಲ್ಲ, ಕೇಳಿಸಿಕೊಳ್ಳಿ.

ಹತ್ತು ಸ್ಟೇಷನ್, ಅಂದರೆ ಲೆವೆಲ್ ಇಡುವ ಹತ್ತು ಜಾಗ, ಸುಮಾರು ಒಂದು ಕಿಲೋಮೀಟರ್ ಸುತ್ತು. ಮೂರು ಸ್ಟೇಷನ್ ಆದ ಮೇಲೆ ಸರ್ ನನಗೇ ಓದಲು ಬಿಟ್ಟರು. ಈಗ ಈ ಶಾಟ್ ಸರಿಯಾಗಿ ನೋಡಿ, ಇದು ಆರನೇ ಸ್ಟೇಷನ್. ಬ್ಯಾಕ್‌ಸೈಟ್ ಓದಿ ಆಗಿದೆ, 1.642. ಫೀಲ್ಡ್ ಬುಕ್ಕಿನಲ್ಲಿ ಬರೆದಿದ್ದೇನೆ. ತಿರುಗುವಾಗ ನನ್ನ ಕಾಲು ಟ್ರೈಪಾಡಿಗೆ ತಗುಲಿತು. ಕಂಡಿತಾ? ಟ್ರೈಪಾಡಿನ ಒಂದು ಕಾಲು ಜಾರಿತು. ಸರ್ ಆಗ ಮುಂದಿನ ಜಾಗ ನೋಡಲು ಹೋಗಿದ್ದರು. ನಾನು ಆ ಕಾಲನ್ನು ಮಣ್ಣಿಗೆ ಒತ್ತಿ, ಲೆವೆಲ್ ಮೇಲಿನ ಗಾಳಿಗುಳ್ಳೆಯನ್ನು, ಅಂದರೆ ಬಬಲ್ ಅನ್ನು, ನಡುವಕ್ಕೆ ತಂದು, ಫೋರ್‌ಸೈಟ್ ಓದಿದೆ. 1.268. ಬಬಲ್ ಸರಿ ಇದೆ ಅಂದ ಮೇಲೆ ಎಲ್ಲ ಸರಿ ಇದೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಬಬಲ್ ಹೇಳುವುದು ಲೆವೆಲ್ ಸಮವಾಗಿ ಕೂತಿದೆಯಾ ಎಂಬುದನ್ನು ಮಾತ್ರ. ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದನ್ನು ಅದು ಹೇಳುವುದಿಲ್ಲ. ಬ್ಯಾಕ್‌ಸೈಟಿಗೂ ಫೋರ್‌ಸೈಟಿಗೂ ನಡುವೆ ಲೆವೆಲ್ ಕೆಳಗಿಳಿದಿತ್ತು. ಹಾಗಾದರೆ ಆ ಎರಡು ಅಂಕಿಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಇದು ನನಗೆ ಅರ್ಥವಾದದ್ದು ಸಂಜೆ.

ಸುತ್ತು ಮುಗಿಯಿತು. ಸರ್ ಕೂಡಿ ಕಳೆದರು. ಹೊರಟಾಗ 100.000 ಮೀಟರ್ ಎಂದು ಇಟ್ಟುಕೊಂಡಿದ್ದೆವು. ಬಂದದ್ದು 100.043. ನಲವತ್ತಮೂರು ಮಿಲಿಮೀಟರ್. ಒಂದು ಕಿಲೋಮೀಟರಿಗೆ ಅವರು ಬಿಟ್ಟುಕೊಳ್ಳುವ ತಪ್ಪು 12 ಮಿಲಿಮೀಟರ್. ನನಗೆ ಇದು ಸಣ್ಣದಾಗಿ ಕಂಡಿತು. ಬೆರಳೆರಡರ ದಪ್ಪ ಅಷ್ಟೇ ಅಲ್ವಾ? ಆದರೆ ಆ ಅಳತೆ ಚರಂಡಿ ಪೈಪಿಗೆ. ಅಲ್ಲಿ ಒಂದು ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡುತ್ತಾರೆ. ಅಂದರೆ ಎಂಟು ಮೀಟರ್ ಪೈಪಿನ ಇಳಿಜಾರನ್ನೇ ನಾನು ನುಂಗಿಹಾಕಿದ್ದೆ.

ಸರ್ ಬೈಯಲಿಲ್ಲ. "ಮತ್ತೆ ಹಾಕೋಣ" ಅಂದರು, ಅಷ್ಟೇ. ಸುತ್ತಿನ ತಪ್ಪು ಎಷ್ಟು ಅಂತ ಲೆಕ್ಕ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಹಾಗಾಗಿ ಒಂದನೇ ಸ್ಟೇಷನ್ನಿನಿಂದಲೇ ಶುರು. ಎರಡನೆಯದೂ ಆಯಿತು. ಬಿಸಿಲು ಇಳಿಯುತ್ತಿತ್ತು. ಸ್ಟಾಫ್ ಹಿಡಿದಿದ್ದ ಅಣ್ಣ ಬೆಳಗಿನಿಂದ ನಿಂತೇ ಇದ್ದರು. ನನ್ನ ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಗಿತ್ತು. ಕೊನೆಗೆ ಹೇಳಿದೆ, "ಸರ್, ಆರನೇದರಲ್ಲಿ ನನ್ನ ಕಾಲು ತಗುಲಿತ್ತು."

ಅವರು ಪುಸ್ತಕ ಮುಚ್ಚಿ ನನ್ನನ್ನು ನೋಡಿದರು. "ಯಾವಾಗ? ಬ್ಯಾಕ್‌ಸೈಟ್ ಆದ ಮೇಲಾ?" ಹೌದು ಅಂದೆ. "ಇದನ್ನ ಆಗಲೇ ಹೇಳಬೇಕಿತ್ತಮ್ಮಾ. ಕಾಲು ಎಲ್ಲರದ್ದೂ ತಗುಲುತ್ತೆ." ನೇರವಾಗಿ ಆರನೆಯದಕ್ಕೆ ಹೋದೆವು. ಸ್ಟಾಫ್ ಇಟ್ಟಿದ್ದ ಕಲ್ಲುಗಳಿಗೆ ಬಣ್ಣದ ಗುರುತು ಹಾಕಿಟ್ಟಿದ್ದು ಒಳ್ಳೆಯದಾಯಿತು. ಮತ್ತೆ ಓದಿದೆ. 1.587, 1.252. ಮೊದಲು 374 ಮಿಲಿಮೀಟರ್ ಏರು ಬಂದಿತ್ತು, ಈಗ 335. ವ್ಯತ್ಯಾಸ 39. ಸುತ್ತಿನ ಎತ್ತರ 100.004ಕ್ಕೆ ಬಂತು. ನಾಲ್ಕು ಮಿಲಿಮೀಟರ್! ಈ ಶಾಟಿನಲ್ಲಿ ಕುಣಿಯುತ್ತಿರುವುದು ನಾನೇ.

ಹಳೆಯ ಅಂಕಿ ಅಳಿಸಲು ರಬ್ಬರ್ ಕೇಳಿದೆ. ಕೊಡಲಿಲ್ಲ. ಫೀಲ್ಡ್ ಬುಕ್ಕಿನಲ್ಲಿ ಅಳಿಸುವಂತೆಯೇ ಇಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ಹಳೆಯದು ಓದಲು ಸಿಗುವ ಹಾಗೆ ಇರಬೇಕು. ನನಗೆ ಆ ನಿಯಮ ತುಂಬಾ ಇಷ್ಟವಾಯಿತು. ಯಾಕೋ ಗೊತ್ತಿಲ್ಲ, ಅವತ್ತು ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ವಾಪಸ್ ಬರುವಾಗ ಸರ್ ಒಂದು ಕಥೆ ಹೇಳಿದರು, ನಿಜವಾಗಿ ನಡೆದದ್ದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಶುರುಮಾಡಿದವರು. ಕೋನ ಅಳೆಯುವ ಅವರ ದೊಡ್ಡ ಉಪಕರಣ, ಥಿಯೋಡೊಲೈಟ್, ಸುಮಾರು ಅರ್ಧ ಟನ್ ತೂಕ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು. ಅಳತೆಯ ಹಿತ್ತಾಳೆ ಚಕ್ರ ನಜ್ಜುಗುಜ್ಜು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಸುಮಾರು ಆರು ವಾರ ಸ್ವಲ್ಪ ಸ್ವಲ್ಪವಾಗಿ ಅದನ್ನು ಮೊದಲಿನ ಆಕಾರಕ್ಕೆ ತಂದರಂತೆ. ಅದೇ ಉಪಕರಣದಲ್ಲಿ ಅಳತೆ ಮುಂದುವರಿಯಿತು. ಜೀಪಿನಲ್ಲಿ ಕೂತು ಇದನ್ನು ಕೇಳುತ್ತಾ ನನ್ನ ಸಂಕಟ ಅರ್ಧ ಕಡಿಮೆಯಾಯಿತು.

ಈಗ ತಮ್ಮನ ವಿಷಯ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಸ್ಟಾಫ್ ಮೇಲಿನ ಅಂಕಿಗಳನ್ನು ಜೂಮ್ ಮಾಡಿರುವ ಈ ಶಾಟ್ ನೋಡಿ. ಒಂದು ಮೀಟರ್ ಕಪ್ಪು, ಇನ್ನೊಂದು ಮೀಟರ್ ಕೆಂಪು. ಬದಲಾಗುವ ಜಾಗ ಹಿಡಿ ಅಂದೆ. "ಎಲ್ಲ ಕಪ್ಪೇ ಅಲ್ವಾ ಅಕ್ಕ?" ಅಂದ. ನನಗೆ ಎದೆ ಝಲ್ ಅಂದಿತು. ಚಿಕ್ಕಂದಿನಿಂದ ಅವನಿಗೆ ರೈಲು ಓಡಿಸುವ ಆಸೆ.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಹುಡುಕುವ ಪುಸ್ತಕ ನೀವೂ ನೋಡಿರಬಹುದು. ಜಪಾನಿನ ಶಿನೊಬು ಇಶಿಹರಾ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಅವನಿಗೆ ಕೆಂಪು ಮಂಕಾಗಿ, ಕಪ್ಪಿನಂತೆ ಕಾಣುತ್ತದೆ. ಹುಟ್ಟಿನಿಂದಲೇ ಬಂದದ್ದು. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲಿ ಜಾಸ್ತಿ. ರೈಲಿನಲ್ಲಿ ಈ ಪರೀಕ್ಷೆ ಸುಮ್ನೆ ಇಟ್ಟದ್ದಲ್ಲ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಹತ್ತಿರ ಎರಡು ರೈಲು ಡಿಕ್ಕಿ ಹೊಡೆದು ಒಂಬತ್ತು ಜನ ಸತ್ತರು. ಅದಾದ ಮೇಲೆ, ಸಿಗ್ನಲ್ಲಿನ ಬಣ್ಣ ಗೊತ್ತಾಗದೆ ಹೀಗಾಗಿರಬಹುದು ಎಂಬ ಅನುಮಾನದಿಂದ, ಹೋಮ್‌ಗ್ರೆನ್ ಎಂಬುವರು ಬಣ್ಣದ ಉಣ್ಣೆ ಎಳೆಗಳನ್ನು ಇಟ್ಟು ರೈಲ್ವೆ ನೌಕರರ ಕಣ್ಣು ಪರೀಕ್ಷಿಸಲು ಶುರುಮಾಡಿದರು.

ಅವನು ಎರಡು ದಿನ ಮಾತಾಡಲಿಲ್ಲ. ನಾನೂ ಏನೂ ಹೇಳಲಿಲ್ಲ, ಪಕ್ಕದಲ್ಲಿ ಕೂತಿದ್ದೆ. ನೋಡುತ್ತಿರುವವರಿಗೆ ಒಂದು ಬೇಡಿಕೆ. ರೈಲು, ವಿಮಾನ, ಹಡಗು ಅಂತ ಆಸೆ ಇಟ್ಟುಕೊಂಡವರು ಮೊದಲು ಕಣ್ಣು ತೋರಿಸಿಕೊಳ್ಳಿ. ಆ ಪರೀಕ್ಷೆಗೆ ಕೆಲವು ನಿಮಿಷ ಸಾಕು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ನನಗೆ ಈಗಲೂ ಸಿಟ್ಟಿರುವುದು ಅದರ ಮೇಲೆಯೇ.

ಶನಿವಾರ ಮತ್ತೆ ಅದೇ 60 ಪ್ರಶ್ನೆಗೆ ಕೂತೆ. ಉಪಕರಣ ಬಳಸುವುದು, ಹೊರಗೆ ನಿಂತು ಕೆಲಸ ಮಾಡುವುದು, ಇಂಥವಕ್ಕೆಲ್ಲ ಮೊದಲ ಸಲ ಇಷ್ಟವಿಲ್ಲ ಅಂತ ಒತ್ತಿದ್ದೆ. ಆದರೆ ಅವನ್ನು ನಾನು ಮುಟ್ಟಿಯೇ ಇರಲಿಲ್ಲ. ಗೊತ್ತಿಲ್ಲ ಅಂತ ಒತ್ತಬೇಕಿತ್ತು. ಈ ಸಲ ಕಡೆಗಿದ್ದ ಕೈಕೆಲಸ ಎರಡನೇ ಜಾಗಕ್ಕೆ ಬಂತು. ಜನರಿಗೆ ನೆರವಾಗುವುದು ಇನ್ನೂ ಮೊದಲನೆಯದೇ. ಪರೀಕ್ಷೆ ಉಪಯೋಗಕ್ಕೆ ಬಾರದ್ದು ಅಂತ ಬರೆದಿದ್ದೆ ಅಲ್ವಾ? ಅದನ್ನೂ ಅಳಿಸಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದೆ, "ಏನಾದರೂ ಮಾಡಿ ನೋಡಿದ ಮೇಲೆ ಉಪಯೋಗಕ್ಕೆ ಬರುತ್ತದೆ."

ಅಕ್ಕನ ಹತ್ತಿರ ವಾರಕ್ಕೊಂದು ಸಂಜೆ ಸನ್ನೆ ಕಲಿಯಲು ಹೋಗುತ್ತೇನೆ. ಸೋಮವಾರ ಬೆಳಗ್ಗೆ ಸರ್ ಜೊತೆ ಇನ್ನೊಂದು ಸುತ್ತು. ಎರಡರಲ್ಲಿ ಯಾವುದು ಅಂತ ಕೇಳಬೇಡಿ, ಇವತ್ತು ಕೇಳಿದರೆ ಲೆವೆಲ್ ಅನ್ನುತ್ತೇನೆ.

ಕೊನೆಯ ಶಾಟ್. ಮೇಜಿನ ಮೇಲೆ ಇರುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉದ್ಯೋಗ ಪಟ್ಟಿ, 2008ರದು. ಪ್ರಪಂಚದ ಕೆಲಸಗಳನ್ನೆಲ್ಲ 10 ದೊಡ್ಡ ಗುಂಪು, ಅವುಗಳೊಳಗೆ 436 ಸಣ್ಣ ಗುಂಪು ಮಾಡಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಭೂಮಾಪಕರು 2165ರಲ್ಲಿ ಇದ್ದಾರೆ. ಅನುವಾದಕರು 2643. ನಾನು ಕೇಳಿದ್ದ ಕೆಲಸಗಳನ್ನು ಲೆಕ್ಕ ಹಾಕಿದೆ, ನೂರು ದಾಟಲಿಲ್ಲ.

ತಮ್ಮ ಮೊದಲು ತೆರೆದದ್ದು 8311, ರೈಲು ಚಾಲಕರು. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದಾನೆ, ಓದಲು ಸಿಗುವ ಹಾಗೆ. ಆಮೇಲೆ ಮೊದಲನೇ ಪುಟಕ್ಕೆ ಹೋಗಿ ಒಂದೊಂದಾಗಿ ಓದುತ್ತಿದ್ದಾನೆ. ಈಗ ಎರಡನೇ ದೊಡ್ಡ ಗುಂಪಿನಲ್ಲಿ ಇದ್ದಾನೆ. ಬ್ಯಾಟರಿ ಮುಗಿಯುತ್ತಾ ಬಂತು, ಕ್ಯಾಮೆರಾ ಅವನಿಗೆ ಬೇಕಂತೆ, ಇಡುತ್ತೇನೆ.