ಲೇಬಲ್ ಮೇಲೆ ವಯಸ್ಸಿಲ್ಲ, ಆದರೂ ಮೂಸಿ ನೋಡಿ

ನಮಸ್ಕಾರ. ಇವತ್ತು ಗ್ಲೆನ್ ಮೊರೇ ಕ್ಲಾಸಿಕ್ ಅನ್ನೋ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ ಬಾಟಲಿ ತೆರೆದಿದ್ದೇನೆ. ಬರೆಯುವುದು ಮೊರೇ, ಅಲ್ಲಿನವರು ಕರೆಯುವುದು ‘ಮರ್ರಿ’. ಇಲ್ಲಿ ಬ್ರಿಟನ್‌ನಲ್ಲಿ 25 ಪೌಂಡ್ ಆಸುಪಾಸಿನಲ್ಲಿ ಸಿಗುತ್ತದೆ. ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮಾಲ್ಟ್ ಮಾಡಿದ ಬಾರ್ಲಿಯಿಂದಲೇ ತಯಾರಾದ ವಿಸ್ಕಿ) ಲೆಕ್ಕದಲ್ಲಿ ಕಡಿಮೆಯೇ.

ಹೋದ ವಾರ ಗೆಳೆಯನೊಬ್ಬ ಇದನ್ನು ತಿರುಗಿಸಿ ನೋಡಿ, ‘ಎಷ್ಟು ವರ್ಷದ್ದು ಅಂತ ಹಾಕೇ ಇಲ್ವಲ್ಲೋ’ ಅಂತ ಪಕ್ಕಕ್ಕಿಟ್ಟ. ನನಗೆ ಬೇಜಾರಾಯಿತು. ಒಂದು ಗುಟುಕೂ ಕುಡಿಯದೆ ಬೇಡ ಅಂದರೆ ಹೇಗೆ?

ಗ್ಲಾಸಿಗೆ 30 ಎಂಎಲ್ ಹಾಕಿ ಹತ್ತು ನಿಮಿಷ ಸುಮ್ನೆ ಬಿಟ್ಟಿದ್ದೆ. ಬಾಯಿ ಸ್ವಲ್ಪ ತೆರೆದುಕೊಂಡು ಮೂಸಬೇಕು, ಇಲ್ಲದಿದ್ದರೆ ಬರೀ ಘಾಟು ಹೊಡೆಯುತ್ತದೆ. ಮೊದಲು ವೆನಿಲಾ. ಅದರ ಹಿಂದೆಯೇ ನಿಂಬೆ ಸಿಪ್ಪೆ. ಆಮೇಲೆ ಬರುವ ವಾಸನೆ ಇದೆ ನೋಡಿ, ಅದು ನಮಗೆ ಹೊಸದಲ್ಲ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಹುರಿಯುವಾಗ ಅಡುಗೆಮನೆ ತುಂಬ ಏಳುವ ಘಮ. ಮಾಲ್ಟ್ ಅಂದರೆ ಮೊಳಕೆ ಕಟ್ಟಿಸಿ ಒಣಗಿಸಿದ ಕಾಳೇ ಅಲ್ವಾ? ರಾಗಿ ಬದಲು ಬಾರ್ಲಿ, ಅಷ್ಟೇ.

ವೆನಿಲಾ ಬಂದದ್ದು ವಿಸ್ಕಿಯನ್ನು ಇಟ್ಟು ಮಾಗಿಸುವ ಮರದ ಪೀಪಾಯಿಯಿಂದ. ಅಮೆರಿಕದಲ್ಲಿ ಬರ್ಬನ್ ಅನ್ನೋ ಜೋಳದ ವಿಸ್ಕಿ ಮಾಡುವವರು ಪ್ರತಿ ಸಲ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು, ಕಾನೂನು ಹಾಗಿದೆ. ಒಮ್ಮೆ ಬಳಸಿದವು ಸ್ಕಾಟ್ಲೆಂಡಿಗೆ ಬರುತ್ತವೆ. ಶೆರಿ ಅನ್ನೋ ಸ್ಪೇನಿನ ವೈನ್ ಇಟ್ಟ ಪೀಪಾಯಿಗಿಂತ ಅಗ್ಗ. ಎಲ್ಗಿನ್ ಊರಲ್ಲಿ, ಲಾಸಿ ನದಿ ದಡದಲ್ಲಿರುವ ಈ ಡಿಸ್ಟಿಲರಿ ಮೊದಲು ಬಿಯರ್ ಮಾಡುತ್ತಿದ್ದ ಜಾಗ. 1897ರಲ್ಲಿ ವಿಸ್ಕಿಗೆ ತಿರುಗಿತು.

ಬಾಯಿಗೆ ಹಗುರ. ಬೆಣ್ಣೆ ಬಿಸ್ಕತ್ತು, ಹಸಿರು ಸೇಬು, ಕೊನೆಗೆ ಚೂರು ಕಾಳುಮೆಣಸಿನ ಚುರುಕು. ಗುಟುಕು ಇಳಿದ ಮೇಲೆ ರುಚಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅದು ಕೊರತೆಯೇ, ಮುಚ್ಚಿಡುವುದಿಲ್ಲ. ಆಲ್ಕೋಹಾಲ್ 40 ಪರ್ಸೆಂಟ್, ಸ್ಕಾಚ್‌ಗೆ ಕಾನೂನು ಒಪ್ಪುವ ಕನಿಷ್ಠ ಮಟ್ಟ. ಹಾಗಾಗಿ ನೀರು ಅರ್ಧ ಚಮಚಕ್ಕಿಂತ ಹೆಚ್ಚು ಬೇಡ. ಐಸ್ ಅಂತೂ ಬೇಡವೇ ಬೇಡ, ಆ ಹುರಿದ ಘಮ ಸತ್ತೇ ಹೋಗುತ್ತದೆ.

ಈಗ ವಯಸ್ಸಿನ ಮಾತು. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ 3 ವರ್ಷ ಇರಲೇಬೇಕು. ಲೇಬಲ್ ಮೇಲೆ ವಯಸ್ಸು ಹಾಕಿದರೆ ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯದ್ದೇ ಹಾಕಬೇಕು. 12 ವರ್ಷದ್ದಕ್ಕೆ 5 ವರ್ಷದ್ದು ಒಂದಿಷ್ಟು ಬೆರೆಸಿದರೂ 5 ಅಂತಲೇ ಬರೆಯಬೇಕು. ಎಷ್ಟೋ ಕಡೆ ವಯಸ್ಸು ಬಿಟ್ಟುಬಿಡುವುದು ಇದಕ್ಕೇ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದಾಗ ಅದರ ಮೇಲೂ ವಯಸ್ಸು ಇರಲಿಲ್ಲ. ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸುವ ನಾವು ಇದನ್ನು ಪಕ್ಕಕ್ಕೆ ತಳ್ಳುವುದು ನ್ಯಾಯವಲ್ಲ.

ಶನಿವಾರ ಅದೇ ಗೆಳೆಯ ಮತ್ತೆ ಬರುತ್ತಾನೆ. ಈ ಸಲ ಬಾಟಲಿಯನ್ನು ಅಡುಗೆಮನೆಯಲ್ಲೇ ಇಟ್ಟು ಗ್ಲಾಸ್ ಮಾತ್ರ ತರುತ್ತೇನೆ. ‘ಮೊದಲು ಮೂಸು, ಆಮೇಲೆ ಹೇಳು’ ಅನ್ನುತ್ತೇನೆ.